ಪರದೆ ಹಿಂದಿನ ಯುದ್ಧ: ಹೈಫಾ ಗೊತ್ತು, ಹರಿತಾನ್ ಗೊತ್ತಾ?

1/8

ಯುದ್ಧದ ಸಿನಿಮಾ ಅಂದ ತಕ್ಷಣ ನಿಮ್ಮ ತಲೇಲಿ ಬರೋ ದೃಶ್ಯ ಯಾವುದು ಹೇಳಿ? ನಾಯಕ ಕೂಗ್ತಾನೆ, ಎಲ್ಲರೂ ಒಟ್ಟಿಗೆ ನುಗ್ತಾರೆ, ಹಿನ್ನೆಲೆ ಸಂಗೀತ ಏರುತ್ತೆ, ಧೂಳು ಇಳಿಯೋ ಹೊತ್ತಿಗೆ ಬಾವುಟ ಹಾರ್ತಿರುತ್ತೆ. ಥಿಯೇಟರಲ್ಲಿ ಶಿಳ್ಳೆ. ಸರಿ, ಆ ಧೂಳಿನಲ್ಲಿ ಕಾಣದೇ ಹೋದವರು ಯಾರು? ಈ ಸಲದ ಎಂಟು ಪೋಸ್ಟ್ ಅವರ ಬಗ್ಗೆ.

ನಾನು ಆರಿಸಿಕೊಂಡಿರೋದು ಒಂದೇ ರಣರಂಗ. ಮೊದಲ ಮಹಾಯುದ್ಧ, 1914ರಿಂದ 1918, ಈಜಿಪ್ಟ್, ಪ್ಯಾಲೆಸ್ಟೈನ್, ಸಿರಿಯಾ. ಒಂದು ಕಡೆ ಬ್ರಿಟಿಷ್ ಸಾಮ್ರಾಜ್ಯ, ಇನ್ನೊಂದು ಕಡೆ ಒಟ್ಟೋಮನ್ ತುರ್ಕಿ ಸಾಮ್ರಾಜ್ಯ ಮತ್ತು ಅದರ ಜೊತೆ ಜರ್ಮನ್ನರು. ಈ ರಣರಂಗದ ಮೇಲೆ ಜಗತ್ತೇ ನೋಡಿದ ಸಿನಿಮಾಗಳು ಬಂದಿವೆ. ಅದೇ ಮರಳಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆ ಸವಾರರೂ ನಾಲ್ಕು ವರ್ಷ ಇದ್ರು. ಆ ಸಿನಿಮಾಗಳಲ್ಲಿ ಅವರು ಇಲ್ಲ.

"ಓ, ಹೈಫಾ ತಾನೇ, ಗೊತ್ತು ಬಿಡು" ಅಂತ ಸ್ಕ್ರಾಲ್ ಮಾಡಬೇಡಿ. ಹೈಫಾ ಬಗ್ಗೆ ಹೇಳ್ತೀನಿ, ಆದ್ರೆ ನಾನು ಹೋಗ್ತಿರೋದು ಅದರ ಆಚೆಗೆ.

2/8

ಮೊದಲು ದೊಡ್ಡ ಸಿನಿಮಾ. 'ಲಾರೆನ್ಸ್ ಆಫ್ ಅರೇಬಿಯಾ', 1962. ನಿರ್ದೇಶಕ ಡೇವಿಡ್ ಲೀನ್. ಏಳು ಆಸ್ಕರ್. ಮೂರೂವರೆ ಗಂಟೆಗೂ ಮೀರಿದ ಸಿನಿಮಾ. ಟಿ.ಇ. ಲಾರೆನ್ಸ್ ಅನ್ನೋ ಬ್ರಿಟಿಷ್ ಅಧಿಕಾರಿ ಅರಬ್ ಬುಡಕಟ್ಟುಗಳ ಜೊತೆ ಸೇರಿ ತುರ್ಕರ ವಿರುದ್ಧ ಹೋರಾಡಿದ ಕತೆ.

ಅದರಲ್ಲಿ ಅಕಾಬಾ ಬಂದರಿನ ದೃಶ್ಯ ನೋಡಲೇಬೇಕು. ನೂರಾರು ಕುದುರೆ, ಒಂಟೆಗಳು ಊರೊಳಗೆ ನುಗ್ತವೆ. ಕ್ಯಾಮೆರಾ ಒಂದೇ ಓಟದಲ್ಲಿ ಅವುಗಳ ಜೊತೆ ತಿರುಗ್ತಾ ಕೊನೆಗೆ ಸಮುದ್ರದ ಕಡೆ ಮುಖ ಮಾಡಿದ ಫಿರಂಗಿಯ ಹತ್ತಿರ ನಿಲ್ಲುತ್ತೆ. ಅಂದ್ರೆ ಶತ್ರು ಕಾಯ್ತಿದ್ದಿದ್ದು ಸಮುದ್ರವನ್ನ, ಇವರು ಬಂದಿದ್ದು ಬೆನ್ನ ಹಿಂದಿನ ಮರುಭೂಮಿಯಿಂದ. ಆ ಒಂದು ಶಾಟಲ್ಲೇ ಇಡೀ ಕತೆ ಹೇಳಿಬಿಡ್ತಾರೆ. ಅದಕ್ಕಾಗಿ ಸ್ಪೇನ್ ದೇಶದ ಕಡಲತೀರದಲ್ಲಿ ಇಡೀ ಊರಿನ ಸೆಟ್ ಹಾಕಿದ್ರು.

ಆದ್ರೆ ನಿಜವಾಗಿ ನಡೆದಿದ್ದು ಬೇರೆ. 1917ರ ಜುಲೈ 6ಕ್ಕೆ ಅಕಾಬಾ ಕೈಗೆ ಬಂದಾಗ ಊರಲ್ಲಿ ಹೇಳಿಕೊಳ್ಳುವಂಥ ಕಾದಾಟವೇ ಆಗಲಿಲ್ಲ. ನಿಜವಾದ ಯುದ್ಧ ಅದಕ್ಕೆ ನಾಲ್ಕು ದಿನ ಮೊದಲೇ, ಜುಲೈ 2ರಂದು, ಒಳನಾಡಿನ ಬೆಟ್ಟಗಳ ನಡುವೆ ಅಬು ಅಲ್-ಲಸನ್ ಅನ್ನೋ ನೀರಿನ ಚಿಲುಮೆಯ ಹತ್ತಿರ ಮುಗಿದಿತ್ತು. ಇಡೀ ದಿನ ಉರಿಬಿಸಿಲಲ್ಲಿ ಗುಂಡಿನ ಕಾಳಗ. ಸಂಜೆ ಹೊತ್ತಿಗೆ ಔದಾ ಅಬು ತಾಯಿ ತನ್ನ ಕುದುರೆ ಸವಾರರ ಜೊತೆ ಇಳಿಜಾರಲ್ಲಿ ನುಗ್ಗಿದ. ಲಾರೆನ್ಸ್ ಕೂಡ ಒಂಟೆ ಮೇಲೆ ನುಗ್ಗಿದ, ಆದ್ರೆ ಗಡಿಬಿಡಿಯಲ್ಲಿ ತನ್ನ ಒಂಟೆಯ ತಲೆಗೇ ಗುಂಡು ಹೊಡೆದು ನೆಲಕ್ಕೆ ಬಿದ್ದ. ಇದನ್ನ ಅವನೇ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ.

ಸಿನಿಮಾದಲ್ಲಿ ಅಬು ಅಲ್-ಲಸನ್ ಇಲ್ಲ. ಹೆಸರಿಲ್ಲದ ಬೆಟ್ಟ, ಒಂದು ಚಿಲುಮೆ, ನಾಯಕ ತನ್ನ ಒಂಟೆಯನ್ನೇ ಕೊಂದುಕೊಂಡು ಬೀಳೋದು: ಇದನ್ನ ಹೀರೋ ಎಂಟ್ರಿ ಮಾಡೋಕಾಗುತ್ತಾ? ಆಗಲ್ಲ. ಅದಕ್ಕೇ ಆ ನುಗ್ಗಾಟವನ್ನ ಎತ್ತಿ ಅಕಾಬಾ ಒಳಗೆ ಇಟ್ಟರು.

ಇನ್ನೊಂದು ಸಂಗತಿ. ಈ ಸಿನಿಮಾದಲ್ಲಿ ಮರುಭೂಮಿಯಲ್ಲಿ ಕಳೆದುಹೋಗಿ, ಲಾರೆನ್ಸ್ ವಾಪಸ್ ಹೋಗಿ ಕರ್ಕೊಂಡು ಬರೋ ಗಾಸಿಮ್ ಪಾತ್ರ ಮಾಡಿರೋದು ನಮ್ಮ ಹಿಂದಿ ಸಿನಿಮಾದ ಐ.ಎಸ್. ಜೋಹರ್. ಭಾರತೀಯ ನಟ ಅರಬ್ಬನ ಪಾತ್ರದಲ್ಲಿ ಇದ್ದಾನೆ. ಆ ಯುದ್ಧದಲ್ಲಿ ನಿಜಕ್ಕೂ ಇದ್ದ ಸಾವಿರಾರು ಭಾರತೀಯ ಸವಾರರಲ್ಲಿ ಒಬ್ಬನಿಗೂ ಪಾತ್ರ ಇಲ್ಲ.

3/8

ಈಗ ಅದೇ ರಣರಂಗ, ಬೇರೆ ದೇಶದ ಸಿನಿಮಾ.

1917ರ ಅಕ್ಟೋಬರ್ 31. ಬೀರ್‌ಷೆಬಾ ಊರು. ಮರುಭೂಮಿ ಅಂಚಿನಲ್ಲಿ ಬಾವಿಗಳಿದ್ದ ಊರದು. ಸೂರ್ಯ ಮುಳುಗೋ ಹೊತ್ತಿಗೆ ಆಸ್ಟ್ರೇಲಿಯಾದ 4 ಮತ್ತು 12ನೇ ಲೈಟ್ ಹಾರ್ಸ್ ರೆಜಿಮೆಂಟ್‌ಗಳ ಸುಮಾರು 800 ಸವಾರರು ತುರ್ಕರ ಕಂದಕಗಳ ಮೇಲೆ ನುಗ್ಗಿದ್ರು. ಅವರ ಹತ್ತಿರ ಕತ್ತಿ ಇರಲಿಲ್ಲ, ಬಂದೂಕಿನ ಬಯೊನೆಟ್ಟನ್ನೇ ಕೈಯಲ್ಲಿ ಹಿಡಿದಿದ್ರು. 31 ಜನ ಸತ್ತರು, ಊರು ಸಿಕ್ತು, ಬಾವಿಗಳೂ ಸಿಕ್ಕವು.

ಆಸ್ಟ್ರೇಲಿಯಾ ಇದನ್ನ ಮರೀಲೇ ಇಲ್ಲ. 1940ರಲ್ಲಿ 'ಫಾರ್ಟಿ ಥೌಸಂಡ್ ಹಾರ್ಸ್‌ಮೆನ್' ಬಂತು. ನಿರ್ದೇಶಕ ಚಾರ್ಲ್ಸ್ ಶೋವೆಲ್. ದಾಳಿಯ ದೃಶ್ಯ ತೆಗೆದಿದ್ದು ಸಿಡ್ನಿ ಪಕ್ಕದ ಕ್ರೊನುಲ್ಲಾ ಮರಳದಿಬ್ಬದಲ್ಲಿ. 1987ರಲ್ಲಿ ಅದೇ ಬೀರ್‌ಷೆಬಾ ಮೇಲೆ 'ದಿ ಲೈಟ್‌ಹಾರ್ಸ್‌ಮೆನ್' ಬಂತು. ಒಂದೇ ಸಂಜೆಯ ಒಂದೇ ದಾಳಿಗೆ ಎರಡು ಸಿನಿಮಾ!

ಈಗ ಕೊಂಡಿ ನೋಡಿ. ನಿರ್ದೇಶಕ ಶೋವೆಲ್‌ನ ಚಿಕ್ಕಪ್ಪನೇ ಜನರಲ್ ಹ್ಯಾರಿ ಶೋವೆಲ್. ಈ ರಣರಂಗದ ಇಡೀ ಅಶ್ವದಳಕ್ಕೆ, ಅಂದ್ರೆ 'ಡೆಸರ್ಟ್ ಮೌಂಟೆಡ್ ಕೋರ್'ಗೆ ಮುಖ್ಯಸ್ಥ ಅವನೇ. 1918ರಲ್ಲಿ ಆ ಕೋರ್‌ನಲ್ಲಿದ್ದ 4 ಮತ್ತು 5ನೇ ಅಶ್ವ ಡಿವಿಜನ್‌ಗಳಲ್ಲಿ ಹೆಚ್ಚಿನ ರೆಜಿಮೆಂಟ್‌ಗಳು ಭಾರತದವು. 5ನೇ ಡಿವಿಜನ್ ಒಳಗಿದ್ದ ಒಂದು ಬ್ರಿಗೇಡಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ರು. ಅಂದ್ರೆ ಆಸ್ಟ್ರೇಲಿಯಾದವರ ಜನರಲ್ಲೇ ಮೈಸೂರಿನವರ ಜನರಲ್ಲೂ ಆಗಿದ್ದ. ಅಣ್ಣನ ಮಗ ಆಸ್ಟ್ರೇಲಿಯಾದವರ ಸಿನಿಮಾ ಮಾಡಿದ. ಅವನ ದೇಶ, ಅವನ ಜನ, ಅದು ತಪ್ಪಲ್ಲ. ನಮ್ಮವರ ಕತೆ ಹೇಳಬೇಕಾಗಿದ್ದು ಅವನಲ್ಲ.

4/8

ಹಾಗಾದ್ರೆ ನಮ್ಮವರು ಅಲ್ಲಿಗೆ ಹೋಗಿದ್ದು ಹೇಗೆ?

ಬ್ರಿಟಿಷರ ಕಾಲದಲ್ಲಿ 'ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್' ಅಂತ ಒಂದು ವ್ಯವಸ್ಥೆ ಇತ್ತು. ಸಂಸ್ಥಾನದ ರಾಜ ಸೈನ್ಯ ಸಾಕಬೇಕು, ಸಂಬಳ, ಕುದುರೆ, ಮೇವು ಎಲ್ಲ ರಾಜನ ಬೊಕ್ಕಸದಿಂದ. ಯುದ್ಧ ಬಂದಾಗ ಮಾತ್ರ ಆ ಸೈನ್ಯ ಸಾಮ್ರಾಜ್ಯದ ಕೆಲಸಕ್ಕೆ. ನಮ್ಮ ಕಾಮರ್ಸ್ ಭಾಷೇಲಿ ಹೇಳೋದಾದ್ರೆ ಖರ್ಚು ಒಬ್ಬರ ಪುಸ್ತಕದಲ್ಲಿ, ಆಸ್ತಿ ಇನ್ನೊಬ್ಬರ ಪುಸ್ತಕದಲ್ಲಿ.

1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಸೈನ್ಯದ ಜೊತೆಗೆ 50 ಲಕ್ಷ ರೂಪಾಯಿಯನ್ನೂ ಕೊಟ್ಟರು. 1914ರ 50 ಲಕ್ಷ, ನೆನಪಿರಲಿ. ಮೈಸೂರು, ಹೈದರಾಬಾದ್, ಆಮೇಲೆ 1918ರಲ್ಲಿ ಬಂದು ಸೇರಿದ ಜೋಧಪುರ, ಈ ಮೂರು ಸಂಸ್ಥಾನಗಳ ಲ್ಯಾನ್ಸರ್ಸ್ ರೆಜಿಮೆಂಟ್‌ಗಳು ಒಂದೇ ಬ್ರಿಗೇಡ್ ಆದವು. ಲ್ಯಾನ್ಸರ್ ಅಂದ್ರೆ ಉದ್ದನೆಯ ಭರ್ಜಿ ಹಿಡಿದ ಕುದುರೆ ಸವಾರ. ಮುಂದೆ ಈ ಬ್ರಿಗೇಡಿಗೆ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಅಂತ ಹೆಸರಾಯ್ತು.

ಮೊದಲು ಸೂಯೆಜ್ ಕಾಲುವೆ ಕಾವಲು. 1915ರ ಫೆಬ್ರವರಿಯಲ್ಲಿ ತುರ್ಕರು ಸಿನಾಯ್ ಮರುಭೂಮಿ ದಾಟಿ ಕಾಲುವೆ ಮೇಲೆ ಬಿದ್ದಾಗ ಈ ಬ್ರಿಗೇಡ್ ಅಲ್ಲಿತ್ತು. ಆಮೇಲೆ ವರ್ಷಗಟ್ಟಲೆ ಗಸ್ತು, ಕಾವಲು, ನೀರು, ಮೇವು, ನೊಣ, ಮರಳು. ಸಿನಿಮಾದಲ್ಲಿ ಇವೆಲ್ಲ ಎರಡು ನಿಮಿಷದ ಹಾಡಲ್ಲಿ ಮುಗಿದುಹೋಗ್ತವೆ, ಯುದ್ಧದಲ್ಲಿ ಹೆಚ್ಚು ದಿನ ಇರೋದೇ ಇವು. 1918ರ ಬೇಸಿಗೆಯಲ್ಲಿ ಜೋರ್ಡನ್ ಕಣಿವೆಯ ಉರಿಯಲ್ಲಿದ್ರು. ಅಲ್ಲೂ ಜುಲೈ 14ರಂದು ಜೋಧಪುರ, ಮೈಸೂರು ಸವಾರರು ನದಿ ದಾಟಿ ಹೋಗಿ ಕಾದಾಡಿದ್ರು.

5/8

ಈಗ ಹೈಫಾ.

1918ರ ಸೆಪ್ಟೆಂಬರ್ 19ಕ್ಕೆ ಜನರಲ್ ಅಲೆನ್‌ಬಿ ದೊಡ್ಡ ದಾಳಿ ಶುರು ಮಾಡಿದ. ತುರ್ಕರ ಸಾಲು ಒಡೀತು, ಅಶ್ವದಳ ಒಳಗೆ ನುಗ್ಗಿತು. ಅಷ್ಟು ವೇಗವಾಗಿ ಮುಂದೆ ಹೋದ ಸೈನ್ಯಕ್ಕೆ ಊಟ, ಮೇವು, ಮದ್ದುಗುಂಡು ಎಲ್ಲಿಂದ? ಹಡಗಿನಿಂದ ಇಳಿಸೋಕೆ ಹತ್ತಿರದ ಬಂದರು ಬೇಕು. ಅದೇ ಹೈಫಾ. ಸಪ್ಲೈ ಚೈನ್ ಅಂತ ನಾವು ಓದೋದು ಬರೀ ಅಂಗಡಿ, ಗೋಡೌನಿಗೆ ಮಾತ್ರ ಅಲ್ಲ ಗುರು.

ಸೆಪ್ಟೆಂಬರ್ 22ಕ್ಕೆ ಒಂದು ತಂಡ ಶಸ್ತ್ರಸಜ್ಜಿತ ಕಾರುಗಳಲ್ಲಿ ಹೋಗಿ ಗುಂಡಿನೇಟು ತಿಂದು ವಾಪಸ್ ಬಂತು. ಮರುದಿನ, ಸೆಪ್ಟೆಂಬರ್ 23ಕ್ಕೆ, ಕೆಲಸ ನಮ್ಮ ಬ್ರಿಗೇಡಿಗೆ ಬಂತು.

ಜಾಗ ಕಣ್ಣಿಗೆ ಕಟ್ಟಿಕೊಳ್ಳಿ. ಎಡಕ್ಕೆ ಕಾರ್ಮೆಲ್ ಬೆಟ್ಟ, ಮೇಲೆ ಫಿರಂಗಿಗಳು. ಬಲಕ್ಕೆ ಕೀಶೋನ್ ಹೊಳೆ, ಅದರ ದಡದಲ್ಲಿ ಕುದುರೆಯನ್ನೇ ನುಂಗೋ ಕೆಸರು. ನಡುವೆ ಸಣ್ಣ ದಾರಿ, ಅದರ ತುದಿಗೆ ಊರು, ಎದುರಿಗೆ ಮಷಿನ್ ಗನ್.

ಮೈಸೂರು ಲ್ಯಾನ್ಸರ್ಸ್‌ನ ಒಂದು ತಂಡಕ್ಕೆ ಬೆಟ್ಟ ಹತ್ತೋ ಆಜ್ಞೆ. ಉಳಿದ ಕೆಲವರು ಕುದುರೆಯಿಂದ ಇಳಿದು ಗುಂಡು ಹಾರಿಸ್ತಾ ಜೋಧಪುರದವರಿಗೆ ಆಸರೆ ಕೊಡಬೇಕು. ಮಧ್ಯಾಹ್ನ ಎರಡರ ಹೊತ್ತಿಗೆ ಜೋಧಪುರ ಲ್ಯಾನ್ಸರ್ಸ್ ನುಗ್ಗಿದ್ರು. ಮುಂದಿದ್ದ ಕುದುರೆಗಳು ಹೊಳೆ ಕೆಸರಲ್ಲಿ ಹೂತುಹೋದವು. ಅಷ್ಟು ಗುಂಡಿನ ಮಧ್ಯೆ ಅವರು ಎಡಕ್ಕೆ ತಿರುಗಿ ಬೆಟ್ಟದ ತಪ್ಪಲಿನ ಮಷಿನ್ ಗನ್‌ಗಳನ್ನ ಮುಗಿಸಿ ಊರೊಳಗೆ ಹೋದ್ರು. ಮೇಜರ್ ದಲಪತ್ ಸಿಂಗ್ ಆ ದಾಳಿಯಲ್ಲಿ ಸತ್ತರು.

ಮೇಲೆ ಬೆಟ್ಟದಲ್ಲಿ? ಕಡಿದಾದ ಏರು, ಕುದುರೆಗಳು ಸುಸ್ತು. ಕೊನೆಗೆ ದಾಳಿ ಮಾಡೋ ಸ್ಥಿತಿಯಲ್ಲಿ ಕುದುರೆ ಮೇಲೆ ಉಳಿದ ಮೈಸೂರು ಸವಾರರು ಸುಮಾರು 15. ಅಷ್ಟೇ ಜನ ಫಿರಂಗಿಗಳ ಮೇಲೆ ನುಗ್ಗಿ ಅವುಗಳನ್ನ ಹಿಡಿದ್ರು.

ಸಂಜೆ ಹೊತ್ತಿಗೆ ಹೈಫಾ ಕೈಯಲ್ಲಿತ್ತು. 1,350 ಸೆರೆಯಾಳುಗಳು, 17 ಫಿರಂಗಿ, 11 ಮಷಿನ್ ಗನ್.

6/8

ಇಲ್ಲಿವರೆಗೆ ಬಹಳ ಜನಕ್ಕೆ ಗೊತ್ತಿರುತ್ತೆ. ಪ್ರತಿ ವರ್ಷ ಸೆಪ್ಟೆಂಬರ್ 23ಕ್ಕೆ ನಮ್ಮ ಫೀಡ್ ತುಂಬ ಹೈಫಾ. ನೆನಪಿಸಿಕೊಳ್ಳೋದು ಒಳ್ಳೇದೇ. ಆದ್ರೆ ಬಿಕಾಂ ಓದೋರಿಗೆ ಲೆಕ್ಕ ಟ್ಯಾಲಿ ಆಗದಿದ್ರೆ ನಿದ್ದೆ ಬರಲ್ಲ, ಅದಕ್ಕೇ ಎರಡು ಮಾತು ಹೇಳಲೇಬೇಕು.

ಒಂದು, "ಹೈಫಾದಲ್ಲಿ 900 ಭಾರತೀಯರು ಹುತಾತ್ಮರಾದ್ರು" ಅನ್ನೋ ಫಾರ್ವರ್ಡ್. ಅವತ್ತು ಸತ್ತವರು 8, ಗಾಯಗೊಂಡವರು 34. ಕುದುರೆಗಳು 60 ಸತ್ತವು, 83 ಗಾಯಗೊಂಡವು. ಮನುಷ್ಯರಿಗಿಂತ ಕುದುರೆಗಳೇ ಹೆಚ್ಚು. ಎಂಟು ಅಂದ್ರೆ ಸಣ್ಣ ಸಂಖ್ಯೆ ಅಂತ ಬೇಜಾರಾಗಬೇಡಿ. ಫಿರಂಗಿ, ಮಷಿನ್ ಗನ್ ಇದ್ದ ಊರನ್ನ ಇಷ್ಟು ಕಡಿಮೆ ಸಾವಿನಲ್ಲಿ ಗೆದ್ದಿದ್ದೇ ಅವರ ಜಾಣತನ, ಕುದುರೆ ಮೇಲಿನ ಹಿಡಿತ. ಸತ್ತವರ ಸಂಖ್ಯೆ ಜಾಸ್ತಿ ಮಾಡಿದ್ರೆ ಶೌರ್ಯ ಜಾಸ್ತಿ ಆಗುತ್ತೆ ಅನ್ನೋದು ಸಿನಿಮಾ ನಮಗೆ ಕಲಿಸಿದ ಲೆಕ್ಕ.

ಎರಡು, "ಜಗತ್ತಿನ ಕೊನೆಯ ಅಶ್ವದಾಳಿ". ಅಲ್ಲ. 1939ರಲ್ಲಿ ಪೋಲೆಂಡಿನವರು, 1942ರಲ್ಲಿ ರಷ್ಯಾದ ನೆಲದಲ್ಲಿ ಇಟಲಿಯವರು ಕುದುರೆ ಮೇಲೆ ದಾಳಿ ಮಾಡಿದ್ದಾರೆ. ಅಷ್ಟು ದೂರ ಯಾಕೆ, ಇದೇ ಮೈಸೂರು ಲ್ಯಾನ್ಸರ್ಸ್‌ಗೇ ಹೈಫಾ ಕೊನೆಯದಲ್ಲ. ಅವರು ಇನ್ನೊಂದು ಸಲ ನುಗ್ಗಿದ್ರು.

ಅದರ ಬಗ್ಗೆ ಫಾರ್ವರ್ಡ್ ಬಂದಿದ್ದು ನಾನಂತೂ ನೋಡಿಲ್ಲ.

7/8

ಹೈಫಾ ಆದ್ಮೇಲೆ ಅಶ್ವದಳ ಉತ್ತರಕ್ಕೆ ಹೊರಟಿತು. ಅಕ್ಟೋಬರ್ 1ಕ್ಕೆ ಡಮಾಸ್ಕಸ್ ಬಿತ್ತು. ಲಾರೆನ್ಸ್ ಸಿನಿಮಾ ಇಲ್ಲಿಗೆ ಮುಗಿಯುತ್ತೆ. ಯುದ್ಧ ಮುಗಿಯಲಿಲ್ಲ.

ಡಮಾಸ್ಕಸ್‌ನಲ್ಲಿ ಸೈನ್ಯಕ್ಕೆ ಮಲೇರಿಯಾ, ಇನ್‌ಫ್ಲುಯೆಂಜಾ ಎರಡೂ ಒಟ್ಟಿಗೆ ಹಿಡೀತು. 4ನೇ ಡಿವಿಜನ್‌ಗೆ ಕಾಯಿಲೆಯಿಂದ ಮುಂದೆ ಹೋಗೋ ಶಕ್ತಿಯೇ ಉಳೀಲಿಲ್ಲ. 5ನೇ ಡಿವಿಜನ್ ಮಾತ್ರ ಶಸ್ತ್ರಸಜ್ಜಿತ ಕಾರುಗಳ ಜೊತೆ ಅಲೆಪ್ಪೊ ಕಡೆ ಹೊರಟಿತು. ಡಮಾಸ್ಕಸ್‌ನಿಂದ ಅಲೆಪ್ಪೊ 300 ಕಿಲೋಮೀಟರಿಗೂ ದೂರ.

ಅಲೆಪ್ಪೊದಲ್ಲಿ ತುರ್ಕರ 7ನೇ ಸೈನ್ಯದ ಅಳಿದುಳಿದವರು ಇದ್ರು. ಅವರ ಕಮಾಂಡರ್ ಹೆಸರು ಮುಸ್ತಫಾ ಕೆಮಾಲ್. ಹೌದು, ಮುಂದೆ ತುರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್.

1918ರ ಅಕ್ಟೋಬರ್ 26. ಅಲೆಪ್ಪೊ ಊರು ತುರ್ಕರ ಕೈತಪ್ಪಿತ್ತು, ಸೈನ್ಯ ವಾಯವ್ಯದ ದಾರಿ ಹಿಡಿದಿತ್ತು. ಬೆನ್ನಟ್ಟೋಕೆ ಹೋಗಿದ್ದು ನಮ್ಮ 15ನೇ ಬ್ರಿಗೇಡ್, ಅದರಲ್ಲೂ ಮೈಸೂರು ಮತ್ತು ಜೋಧಪುರ ಎರಡೇ ರೆಜಿಮೆಂಟ್. ಜೊತೆಗೆ ಒಂದಿಷ್ಟು ಮಷಿನ್ ಗನ್. ಫಿರಂಗಿ ಇರಲಿಲ್ಲ. ಮುಂದೆ ಹೋಗ್ತಿರೋದು ಚದುರಿದ ಸುಮಾರು ಸಾವಿರ ಸೈನಿಕರು ಅಂತ ಊರಿನ ಜನ ಹೇಳಿದ್ರು. ಹರಿತಾನ್ ಅನ್ನೋ ಹಳ್ಳಿ ಹತ್ತಿರ ಹೋದಾಗ ಎದುರಿಗೆ ಸಿಕ್ಕವರು ಸಾವಿರ ಅಲ್ಲ, ಸುಮಾರು 3,000. ಚದುರಿದವರೂ ಅಲ್ಲ, ಫಿರಂಗಿ ಸಮೇತ ನಿಂತಿದ್ದವರು.

ಮೈಸೂರು ಲ್ಯಾನ್ಸರ್ಸ್ ಸುತ್ತು ಹಾಕಿ ಭರ್ಜಿ ಹಿಡಿದು ನುಗ್ಗಿದ್ರು, ಜೋಧಪುರದವರು ಹಿಂದೆ. ಹೈಫಾದಲ್ಲಿ ಕೆಲಸ ಮಾಡಿದ ಅದೇ ಧೈರ್ಯ, ಅದೇ ವೇಗ. ಆದ್ರೆ ಇಲ್ಲಿ ಸಾಲು ಒಡೀಲಿಲ್ಲ. ಹಿಂದೆ ಸರಿದು, ಕುದುರೆಯಿಂದ ಇಳಿದು, ನೆಲ ಹಿಡಿದು ಗುಂಡು ಹಾರಿಸ್ತಾ ಕತ್ತಲಾಗೋ ತನಕ ತಡೆದು ನಿಂತರು. ರಾತ್ರಿ ಇನ್ನೊಂದು ಬ್ರಿಗೇಡ್ ಬಂತು, ತುರ್ಕರು ಹಿಂದಕ್ಕೆ ಹೋದ್ರು.

21 ಜನ ಸತ್ತರು. ಅವರಲ್ಲಿ ಜೋಧಪುರ ಲ್ಯಾನ್ಸರ್ಸ್ ಜೊತೆಗಿದ್ದ ಲೆಫ್ಟಿನೆಂಟ್ ಕರ್ನಲ್ ಹೋಲ್ಡನ್ ಒಬ್ಬರು. 56 ಜನಕ್ಕೆ ಗಾಯ. 3 ಜನ ಕಾಣೆ. ಹೈಫಾಗೆ ಹೋಲಿಸಿದ್ರೆ ಒಟ್ಟು ನಷ್ಟ ಹತ್ತಿರ ಹತ್ತಿರ ಎರಡರಷ್ಟು.

38 ದಿನದಲ್ಲಿ ಸುಮಾರು 900 ಕಿಲೋಮೀಟರ್ ಬಂದಿದ್ದ ಡಿವಿಜನ್‌ನ ಕೊನೆಯ ಕಾಳಗ ಇದು. ನಾಲ್ಕು ದಿನ ಆದ್ಮೇಲೆ, ಅಕ್ಟೋಬರ್ 30ಕ್ಕೆ, ಮುದ್ರೋಸ್ ಬಂದರಲ್ಲಿ ಒಂದು ಹಡಗಿನ ಮೇಲೆ ಒಟ್ಟೋಮನ್ನರು ಕದನವಿರಾಮಕ್ಕೆ ಸಹಿ ಹಾಕಿದ್ರು.

ನಾಲ್ಕೇ ನಾಲ್ಕು ದಿನ. ಮೈಸೂರು ಸೀಮೆಯಿಂದ ಹೊರಟು ನಾಲ್ಕು ವರ್ಷ ಮರಳು, ಜ್ವರ, ಫಿರಂಗಿ ಎಲ್ಲ ದಾಟಿ ಬಂದವನು ಊರಿಗೆ ವಾಪಸ್ ಹೋಗೋಕೆ ನಾಲ್ಕು ದಿನ ಇರುವಾಗ ಒಂದು ಹಳ್ಳಿ ಪಕ್ಕ ಸತ್ತ. ಆ ಹಳ್ಳಿ ಹೆಸರು ಇವತ್ತು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

8/8

ದೆಹಲಿಯ ತೀನ್ ಮೂರ್ತಿ ನೋಡಿರ್ತೀರಿ. ಕನಿಷ್ಠ ಫೋಟೋದಲ್ಲಿ. 1922ರ ಆ ಮೂರು ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ, ಮೈಸೂರು. ಅಂದ್ರೆ ದೇಶದ ರಾಜಧಾನಿಯ ಮಧ್ಯೆ ನಮ್ಮ ಒಬ್ಬ ಲ್ಯಾನ್ಸರ್ ನೂರು ವರ್ಷದಿಂದ ನಿಂತಿದ್ದಾನೆ. ಆ ಸ್ಮಾರಕ ಕಟ್ಟಿದ್ದು ಸಿನಾಯ್, ಪ್ಯಾಲೆಸ್ಟೈನ್, ಸಿರಿಯಾ ಮೂರೂ ಕಡೆ ಸತ್ತ ಈ ಬ್ರಿಗೇಡಿನವರಿಗಾಗಿ. 2018ರಲ್ಲಿ ಆ ವೃತ್ತಕ್ಕೆ 'ತೀನ್ ಮೂರ್ತಿ ಹೈಫಾ ಚೌಕ್' ಅಂತ ಹೆಸರಾಯ್ತು. ಹೈಫಾಗೆ ಗೌರವ ಸಿಕ್ಕಿದ್ದಕ್ಕೆ ಖುಷಿ. ಆದ್ರೆ ಸಿರಿಯಾದಲ್ಲಿ ಸತ್ತವರು ಆ ಹೆಸರಿನ ಹೊರಗೇ ಉಳಿದ್ರು.

ಕಲ್ಲಿನ ನೆನಪೂ ಶಾಶ್ವತ ಅಲ್ಲ. ಸೂಯೆಜ್ ಕಾಲುವೆಯ ತುದಿಯಲ್ಲಿ, ಪೋರ್ಟ್ ತೌಫೀಕ್‌ನಲ್ಲಿ, ಈ ರಣರಂಗದಲ್ಲಿ ಸತ್ತ ಸುಮಾರು 4,000 ಭಾರತೀಯ ಸೈನಿಕರಿಗೆ ಒಂದು ಸ್ಮಾರಕ ಕಟ್ಟಿದ್ರು. 1967ರಿಂದ 1973ರ ನಡುವಿನ ಈಜಿಪ್ಟ್-ಇಸ್ರೇಲ್ ಯುದ್ಧಗಳಲ್ಲಿ ಅದು ಹಾಳಾಯ್ತು. ಒಂದು ಯುದ್ಧದ ನೆನಪನ್ನ ಇನ್ನೊಂದು ಯುದ್ಧ ಒಡೆದುಹಾಕ್ತು. ಆಮೇಲೆ 1980ರಲ್ಲಿ ಕೈರೋದ ಹೆಲಿಯೋಪೊಲಿಸ್‌ನಲ್ಲಿ ಅವರಿಗಾಗಿ ಬೇರೆ ಸ್ಮಾರಕ ಮಾಡಬೇಕಾಯ್ತು.

ಮೈಸೂರು ಲ್ಯಾನ್ಸರ್ಸ್ ಯಾಕೆ ಮರೆತುಹೋದ್ರು ಅಂತ ಯೋಚಿಸಿದ್ರೆ ಕಾರಣ ಸಿಗುತ್ತೆ. ಬ್ರಿಟಿಷರಿಗೆ ಅವರು ಸಂಸ್ಥಾನದವರು. ಸ್ವಾತಂತ್ರ್ಯ ಬಂದ್ಮೇಲೆ ನಮಗೆ ಅವರು ಸಾಮ್ರಾಜ್ಯದ ಪರ ಕಾದಾಡಿದವರು. ಸಂಸ್ಥಾನ ಹೋಯ್ತು. 1953ರಲ್ಲಿ 61ನೇ ಕ್ಯಾವಲ್ರಿ ಆದಾಗ ರೆಜಿಮೆಂಟೂ ಅದರಲ್ಲಿ ಸೇರಿಹೋಯ್ತು. "ಇವರು ನಮ್ಮವರು" ಅಂತ ಹೇಳೋಕೆ ಯಾರೂ ಉಳೀಲಿಲ್ಲ. ಆಸ್ಟ್ರೇಲಿಯಾದವರ ಬೀರ್‌ಷೆಬಾಗೆ ಎರಡೆರಡು ಸಿನಿಮಾ ಬಂದಿದ್ದು ಆ ದಾಳಿ ನಮ್ಮವರದಕ್ಕಿಂತ ದೊಡ್ಡದು ಅಂತಲ್ಲ, ಅದನ್ನ ತಮ್ಮದು ಅಂದುಕೊಳ್ಳೋ ಜನ ಇದ್ರು ಅಂತ.

ಸರಿ, ಈಗ ನಾವು ಹೈಫಾವನ್ನ ನಮ್ಮದು ಅಂತಿದ್ದೀವಿ. ಹರಿತಾನ್? ಲಾರೆನ್ಸ್ ಸಿನಿಮಾ ಅಬು ಅಲ್-ಲಸನ್ ಬಿಟ್ಟು ಅಕಾಬಾ ತೋರಿಸ್ತು. ನಾವು ಹರಿತಾನ್ ಬಿಟ್ಟು ಹೈಫಾ ತೋರಿಸ್ತೀವಿ. ಅವರ ಹತ್ತಿರ ಕ್ಯಾಮೆರಾ ಇತ್ತು, ನಮ್ಮ ಹತ್ತಿರ ರೀಲ್ಸ್ ಇದೆ, ಮಾಡ್ತಿರೋದು ಒಂದೇ ಕೆಲಸ. ಗೆದ್ದ ದಿನ ಮಾತ್ರ ಎತ್ತಿಕೊಳ್ಳೋದು.

ಅಕೌಂಟೆನ್ಸಿಯ ಮೊದಲ ಪಾಠ ಎಲ್ಲರಿಗೂ ನೆನಪಿದೆ ಅಲ್ವಾ? ಪ್ರತಿ ವ್ಯವಹಾರಕ್ಕೂ ಎರಡು ಕಡೆ ಇದೆ. ಒಂದೇ ಕಡೆ ಬರೆದ ಪುಸ್ತಕ ನೋಡೋಕೆ ಎಷ್ಟೇ ಚೆನ್ನಾಗಿದ್ರೂ ಆಡಿಟರ್ ಸಹಿ ಹಾಕಲ್ಲ. ಇತಿಹಾಸಕ್ಕೂ ಅಷ್ಟೇ. ಸೋತ ದಿನವನ್ನ ಬರೆದ್ರೆ ಆ ಸವಾರರ ಮರ್ಯಾದೆ ಕಡಿಮೆ ಆಗಲ್ಲ. ಫಿರಂಗಿ ಬೆಂಬಲ ಇಲ್ಲದೆ, ತಪ್ಪು ಮಾಹಿತಿ ನಂಬಿ ಹೋಗಿ, ತಮಗಿಂತ ದೊಡ್ಡ ಸೈನ್ಯದ ಎದುರು ಕತ್ತಲಾಗೋವರೆಗೆ ಜಾಗ ಬಿಡದೆ ನಿಂತರಲ್ಲ, ಅದನ್ನ ಹೇಳದೇ ಇದ್ರೆ ಅವರ ಕತೆ ಅರ್ಧ.

ಬೆಂಗಳೂರಲ್ಲಿರೋರು ಜೆ.ಸಿ. ನಗರದ ಕಡೆ ಹೋದಾಗ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭದ ಹತ್ತಿರ ಐದು ನಿಮಿಷ ನಿಲ್ಲಿ. ಸೆಪ್ಟೆಂಬರ್ 23ಕ್ಕೆ ಸ್ಟೋರಿ ಹಾಕೋರು ಹಾಕಿ. ಹಾಗೇ ಅಕ್ಟೋಬರ್ 26ಕ್ಕೂ ಒಂದು ರಿಮೈಂಡರ್ ಇಟ್ಕೊಳ್ಳಿ. ಅವತ್ತು ನಿಮ್ಮ ಸ್ಟೋರಿಯಲ್ಲಿ ಬರೀ ಒಂದು ಸಾಲು ಸಾಕು: ಹರಿತಾನ್, 1918.

ಯಾರಾದ್ರೂ "ಅದೇನು?" ಅಂತ ಕೇಳಿದ್ರೆ ನೀವೇ ಹೇಳಿ.

#ಪರದೆಹಿಂದಿನಯುದ್ಧ #ಮೈಸೂರುಲ್ಯಾನ್ಸರ್ಸ್ #ಹೈಫಾ #ಹರಿತಾನ್